ಪ್ರಹ್ಲಾದನ ಪಾಠವೂ ಶಾಲೆಯ ಮಕ್ಕಳೂ

(ಉತ್ಸವದ ಅಂಗವಾಗಿ ನಡೆದ ಧಾರ್ಮಿಕ ಸಭೆಯ ಉಪನ್ಯಾಸ)



ಶ್ರೀಮದ್ಭಾಗವತದ ಸಪ್ತಮ ಸ್ಕಂಧದಲ್ಲಿ ಬರುವ ಪ್ರಹ್ಲಾದ ಚರಿತ್ರೆ ಎಲ್ಲರಿಗೂ ತಿಳಿದದ್ದೇ. ಕಂಬ ಸೀಳಿ ನರಸಿಂಹಸ್ವಾಮಿ ಪ್ರತ್ಯಕ್ಷನಾದ ಪ್ರಸಂಗವನ್ನು ಹರಿಕಥೆಯಲ್ಲಿ ಕೇಳಿ, ಬಯಲಾಟದಲ್ಲಿ ನೋಡಿ ಬೆಳೆದವರು ಈ ಸೀಮೆಯ ಜನ. ಕದಿರಿಯ ಶ್ರೀ ಲಕ್ಷ್ಮೀನರಸಿಂಹಸ್ವಾಮಿಯ ಸನ್ನಿಧಿಗೆ ಹೋದವರು ಸ್ವಾಮಿಯ ಜೊತೆಯಲ್ಲಿ ಬಾಲಕ ಪ್ರಹ್ಲಾದನ ದರ್ಶನವನ್ನೂ ಮಾಡಿ ಬಂದಿರುತ್ತಾರೆ. ಆದರೆ ಆ ಕಥೆಯ ನಡುವೆ ಇರುವ ಒಂದು ಸಣ್ಣ ಪ್ರಸಂಗದ ಕಡೆಗೆ ಜನರ ಗಮನ ಹೋಗುವುದು ಕಡಿಮೆ.

ಗುರುಗಳಾದ ಶಂಡಾಮರ್ಕರು ಮನೆಗೆಲಸಕ್ಕೆಂದು ಹೊರಗೆ ಹೋಗಿದ್ದ ಹೊತ್ತು. ಪಾಠಶಾಲೆಯಲ್ಲಿ ಹುಡುಗರದೇ ರಾಜ್ಯ. ಜೊತೆಯ ದೈತ್ಯ ಬಾಲಕರು ಪ್ರಹ್ಲಾದನನ್ನು ಆಟಕ್ಕೆ ಕರೆದರು. ಅವನು ಅವರನ್ನು ಗದರಿಸಲಿಲ್ಲ, ಗುರುಗಳಿಗೆ ಹೇಳುತ್ತೇನೆಂದು ಹೆದರಿಸಲೂ ಇಲ್ಲ. ನಗುಮುಖದಿಂದ ಅವರನ್ನು ಹತ್ತಿರ ಕೂಡಿಸಿಕೊಂಡು ಗೆಳೆಯನಂತೆ ಮಾತನಾಡಿದ. ಆಟದ ಸಾಮಾನು ಅಲ್ಲೇ ಬಿಟ್ಟು ಹುಡುಗರು ಅವನ ಸುತ್ತ ಕುಳಿತರು. ಗುರುಗಳು ದಿನವೂ ಕಲಿಸಿದ್ದನ್ನು ಬಿಟ್ಟು, ತಮ್ಮ ಓರಗೆಯವನು ಒಂದು ಬಿಡುವಿನ ವೇಳೆಯಲ್ಲಿ ಹೇಳಿದ್ದನ್ನು ಮನಸ್ಸಿಗೆ ತೆಗೆದುಕೊಂಡರು. ಇದನ್ನು ಕಂಡು ಗುರುಗಳೇ ಗಾಬರಿಯಾಗಿ ರಾಜನ ಬಳಿಗೆ ಓಡಿದರೆಂದು ಭಾಗವತ ಹೇಳುತ್ತದೆ.

ಮಕ್ಕಳ ಮನಸ್ಸಿಗೆ ಮಕ್ಕಳ ಮಾತೇ ಬೇಗ ತಾಗುತ್ತದೆ ಎಂಬ ಸತ್ಯ ಈ ಪ್ರಸಂಗದಲ್ಲಿದೆ. ಒಳ್ಳೆಯ ಮಾತು ಹೇಗೆ ತಾಗುತ್ತದೆಯೋ ಕೆಟ್ಟ ಮಾತೂ ಹಾಗೆಯೇ ತಾಗುತ್ತದೆ. ಇಂದು ಆರನೆಯ, ಏಳನೆಯ, ಎಂಟನೆಯ ತರಗತಿಯ ಮಕ್ಕಳ ಕಿವಿಗೆ ಯಾರ ಮಾತು ಬೀಳುತ್ತಿದೆ ಎಂಬುದನ್ನು ದೇವರ ಸನ್ನಿಧಿಯಲ್ಲಿ ಕುಳಿತು ವಿಚಾರ ಮಾಡುವುದು ಸೂಕ್ತ.

ಹಿಂದೆ ಮಕ್ಕಳು ಕೆಡುವುದೆಂದರೆ ಬೀಡಿಯ ತುಂಡು, ಕಡ್ಡಿಪುಡಿ, ಅಡಿಕೆಪುಡಿಯ ಪೊಟ್ಟಣ. ಬೀಡಿ ಸೇದಿದವನ ಬಾಯಿಯ ವಾಸನೆ, ಬೆರಳಿನ ಕಲೆ ತಾಯಿಗೆ ಗೊತ್ತಾಗುತ್ತಿತ್ತು. ಈಗ ಬಂದಿರುವ ವಸ್ತು ಬೇರೆ. ಅದಕ್ಕೆ ಇ-ಸಿಗರೇಟು ಎಂದು ಹೆಸರು. ಹುಡುಗರ ಬಾಯಲ್ಲಿ ಅದು ವೇಪ್. ನೋಡಲು ಬರೆಯುವ ಪೆನ್ನಿನಂತೆಯೋ, ಕಂಪ್ಯೂಟರಿಗೆ ಸಿಕ್ಕಿಸುವ ಪೆನ್‌ಡ್ರೈವ್‌ನಂತೆಯೋ ಇರುತ್ತದೆ. ಒಳಗೆ ಒಂದು ಬ್ಯಾಟರಿ, ಒಂದು ಸಣ್ಣ ಕಾಯುವ ತಂತಿ, ಒಂದಿಷ್ಟು ದ್ರವ. ಆ ದ್ರವದಲ್ಲಿ ಗ್ಲಿಸರಿನ್ ಮುಂತಾದವುಗಳ ಜೊತೆಗೆ ನಿಕೋಟಿನ್ ಮತ್ತು ಮಾವು, ಪುದೀನ, ಸ್ಟ್ರಾಬೆರಿಯಂಥ ಕೃತಕ ಪರಿಮಳ ಬೆರೆತಿರುತ್ತವೆ. ಎಳೆದಾಗ ತಂತಿ ಕಾದು ದ್ರವ ಹಬೆಯಂತಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ. ಮನೆಗೆ ಬಂದ ಮಗುವಿನ ಬಾಯಿಂದ ಬರುವುದು ಪೆಪ್ಪರಮೆಂಟಿನ ವಾಸನೆ. ತಾಯಿಗೆ ಸಂಶಯ ಬರುವುದಾದರೂ ಹೇಗೆ?

ಬರೀ ನೀರಿನ ಹಬೆ ಎಂದು ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅದು ಸುಳ್ಳು. ಕೆಲವು ಬಗೆಯ ಉಪಕರಣಗಳ ಒಂದೇ ಕೊಳವೆಯಲ್ಲಿ ಒಂದು ಪ್ಯಾಕು ಸಿಗರೇಟಿನಲ್ಲಿರುವಷ್ಟು ನಿಕೋಟಿನ್ ತುಂಬಿರುತ್ತದೆ. ಬೀಡಿ ಮೊದಲ ಸಲ ಗಂಟಲು ಸುಟ್ಟು ಕೆಮ್ಮು ತರಿಸಿ ಮಗುವನ್ನು ಎಚ್ಚರಿಸುತ್ತದೆ. ಈ ಹೊಸ ದ್ರವವನ್ನು ಗಂಟಲಿಗೆ ಹಿತವಾಗುವಂತೆ ಮಾಡಿರುವುದರಿಂದ ಆ ಎಚ್ಚರಿಕೆಯೂ ಸಿಗುವುದಿಲ್ಲ. ಮನುಷ್ಯನ ಮೆದುಳು ಸುಮಾರು 25ನೆಯ ವಯಸ್ಸಿನವರೆಗೆ ಬೆಳೆಯುತ್ತಿರುತ್ತದೆ. ಬೆಳೆಯುವ ಮೆದುಳಿಗೆ ನಿಕೋಟಿನ್ ಬಿದ್ದರೆ ಗಮನ, ಕಲಿಕೆ, ಮನಸ್ಸಿನ ಹತೋಟಿ ಮೂರಕ್ಕೂ ಪೆಟ್ಟು. ಅಮೆರಿಕ ದೇಶದಲ್ಲಿ 2019ರಲ್ಲಿ ವೇಪ್ ಎಳೆದವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಕಾಣಿಸಿಕೊಂಡಿತು. 2020ರ ಫೆಬ್ರವರಿಯವರೆಗಿನ ಸರ್ಕಾರಿ ಲೆಕ್ಕದಲ್ಲಿ 2,807 ಮಂದಿ ಆಸ್ಪತ್ರೆ ಸೇರಿ ಅಥವಾ ಪ್ರಾಣ ಕಳೆದುಕೊಂಡು, ಅವರಲ್ಲಿ 68 ಮಂದಿಯ ಸಾವು ದೃಢಪಟ್ಟಿತ್ತು. ಅವರಲ್ಲಿ ಹೆಚ್ಚಿನವರು ಎಳೆದದ್ದು ಗಾಂಜಾ ಸತ್ವ ಬೆರೆಸಿದ ದ್ರವವಾದರೂ, ಒಳಗೆ ಏನಿದೆಯೆಂದು ಎಳೆಯುವವನಿಗೇ ತಿಳಿಯದಿರುವುದೇ ಈ ವಸ್ತುವಿನ ದೊಡ್ಡ ಅಪಾಯ.

ಭಾರತ ಸರ್ಕಾರ ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ, ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇ-ಸಿಗರೇಟಿನ ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವನ್ನೂ ದೇಶದಾದ್ಯಂತ ನಿಷೇಧಿಸಿತು. ಮೊದಲ ಸಲದ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕ ಸರ್ಕಾರ ಅದಕ್ಕೂ ಮೊದಲೇ, 2016ರಲ್ಲಿ, ತನ್ನ ರಾಜ್ಯದಲ್ಲಿ ಇದನ್ನು ನಿಷೇಧಿಸಿತ್ತು. ತಂಬಾಕಿನ ವಿಷಯದಲ್ಲಿ 2003ರ ಕಾಯಿದೆಯಿದೆ. ಶಾಲೆಯಿಂದ ನೂರು ಗಜದೊಳಗೆ ಬೀಡಿ ಸಿಗರೇಟು ಮಾರಕೂಡದು, 18 ತುಂಬದವರಿಗೆ ಕೊಡಕೂಡದು ಎಂದು ಅದು ಹೇಳುತ್ತದೆ. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿದೆ. ಅಂದರೆ ಹಿಂದೂಪುರದಿಂದ ಹೊರಟ ಬಸ್ಸು ಗಡಿ ದಾಟಿ ಗೌರಿಬಿದನೂರು ಸೇರುವಷ್ಟರಲ್ಲಿ ವಯಸ್ಸಿನ ಲೆಕ್ಕವೇ ಬೇರೆಯಾಗುತ್ತದೆ!

ಕಾಯಿದೆಗೆ ಗಡಿಯುಂಟು, ಮಕ್ಕಳ ಗೆಳೆತನಕ್ಕೆ ಗಡಿಯಿಲ್ಲ. ಹಿಂದೂಪುರ ಬೆಂಗಳೂರಿಗೆ ರೈಲಿನ ದಾರಿಯಲ್ಲಿರುವ ಊರು. ಬೆಲ್ಲ, ಹುಣಿಸೆ, ರೇಷ್ಮೆಗೂಡಿನ ವ್ಯಾಪಾರಕ್ಕೆ ಹೆಸರಾದ ಪೇಟೆ. ಕಲ್ಯಾಣದುರ್ಗಕ್ಕೆ ಒಂದು ಕಡೆ ಪಾವಗಡ, ಮತ್ತೊಂದು ಕಡೆ ರಾಯದುರ್ಗ. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಒಣಗಿದ ವರ್ಷ ಕೂಲಿಗಾಗಿ ಬೆಂಗಳೂರಿಗೆ ಹೋಗುವವರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಹಬ್ಬಕ್ಕೆ ಊರಿಗೆ ಬರುವ ಅಣ್ಣಂದಿರ ಜೇಬಿನಲ್ಲಿ ನಗರದ ಹೊಸ ವಸ್ತುಗಳೂ ಬರುತ್ತವೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ವಿಂಗಡಣೆಯಾಗಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ತಾಯಂದಿರ ಚಿಂತೆ ಒಂದೇ.

ಇಷ್ಟೆಲ್ಲ ಹೇಳಿದಾಗ, ಹಾಗಾದರೆ ಮಕ್ಕಳೆಲ್ಲ ಕೆಟ್ಟುಹೋಗಿದ್ದಾರೆಯೇ ಎಂಬ ಭಯ ಹುಟ್ಟಬಹುದು. ಇಲ್ಲ. 2019ರಲ್ಲಿ ದೇಶದಾದ್ಯಂತ 13ರಿಂದ 15 ವರ್ಷದ ವಿದ್ಯಾರ್ಥಿಗಳನ್ನು ವಿಚಾರಿಸಿದ ಸರ್ಕಾರಿ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇ-ಸಿಗರೇಟು ಎಳೆದಿದ್ದೇವೆ ಎಂದವರು ಶೇ. 2.8 ಮಾತ್ರ. ನೂರರಲ್ಲಿ ತೊಂಬತ್ತೇಳು ಮಕ್ಕಳು ಅದನ್ನು ಮುಟ್ಟಿಯೇ ಇರಲಿಲ್ಲ. ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ಏಕೆಂದರೆ ಮಗುವನ್ನು ಕೆಡಿಸುವ ಮೊದಲ ಮಾತು "ಎಲ್ಲರೂ ಎಳೀತಾರೆ, ನೀನೊಬ್ಬನೇ ಹೆದರುಪುಕ್ಕಲ" ಎಂಬುದು. ಎಲ್ಲರೂ ಎಂಬುದೇ ಸುಳ್ಳೆಂದು ಮಗುವಿಗೆ ತಿಳಿದರೆ ಅರ್ಧ ಯುದ್ಧ ಗೆದ್ದಂತೆ.

ಆದರೆ ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ಹಿರಿಯರ ನಿದ್ದೆ ಕೆಡಿಸಬೇಕು. ಆ ವಯಸ್ಸಿನವರಲ್ಲಿ ಶೇ. 8.5 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ ಸೇದಿದವರಲ್ಲಿ ಶೇ. 47, ಜಗಿಯುವ ತಂಬಾಕು ಬಳಸಿದವರಲ್ಲಿ ಶೇ. 52 ಮಂದಿ ಹತ್ತು ವರ್ಷ ತುಂಬುವ ಮೊದಲೇ ಅದನ್ನು ಆರಂಭಿಸಿದ್ದರು. ಹತ್ತು ವರ್ಷವೆಂದರೆ ಐದನೆಯ ತರಗತಿ! ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಒಂದು ಭಾಷಣ ಮಾಡಿಸಿ, ಪ್ರತಿಜ್ಞೆ ಓದಿಸಿ, ಫೋಟೋ ತೆಗೆಸಿಕೊಂಡರೆ ಆಗುವ ಕೆಲಸ ಇದಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ದಾರಿ ಯಾವುದು? ಪ್ರಹ್ಲಾದನ ದಾರಿಯೇ. ಮಕ್ಕಳಿಗೆ ಮಕ್ಕಳಿಂದಲೇ ಹೇಳಿಸುವುದು. ಇದು ಭಾವಾವೇಶದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ ವಿಷಯ. ದೆಹಲಿಯ 'ಹೃದಯ್' ಎಂಬ ಸಂಸ್ಥೆ ಅಮೆರಿಕದ ವಿದ್ವಾಂಸರ ಜೊತೆಗೂಡಿ 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈ ನಗರಗಳ 32 ಶಾಲೆಗಳಲ್ಲಿ 'ಮೈತ್ರಿ' ಎಂಬ ಯೋಜನೆ ನಡೆಸಿತು. ಆಗ ಇ-ಸಿಗರೇಟು ಇಲ್ಲಿಗೆ ಬಂದಿರಲಿಲ್ಲ. ಹೋರಾಟವಿದ್ದದ್ದು ಬೀಡಿ, ಸಿಗರೇಟು, ಗುಟ್ಕಾಗಳ ವಿರುದ್ಧ. ಆರಂಭದಲ್ಲಿಯೇ ಒಂದು ಆಶ್ಚರ್ಯ ಕಾದಿತ್ತು. ಒಮ್ಮೆಯಾದರೂ ತಂಬಾಕು ಬಳಸಿದವರು ಎಂಟನೆಯ ತರಗತಿಯಲ್ಲಿ ಶೇ. 9.3 ಇದ್ದರೆ, ಆರನೆಯ ತರಗತಿಯಲ್ಲಿ ಶೇ. 24.8 ಇದ್ದರು. ಚಿಕ್ಕವರಲ್ಲೇ ಹೆಚ್ಚು! ರೋಗ ಕೆಳಗಿನ ತರಗತಿಗೆ ಇಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅರ್ಧದಷ್ಟು ಶಾಲೆಗಳಲ್ಲಿ ಕಾರ್ಯಕ್ರಮ ನಡೆಯಿತು, ಉಳಿದರ್ಧದಲ್ಲಿ ಹೋಲಿಕೆಗಾಗಿ ನಡೆಯಲಿಲ್ಲ. ನಡೆದ ಕಡೆ ಉಪಾಧ್ಯಾಯರು ಹಿಂದೆ ನಿಂತರು. ತರಬೇತಿ ಪಡೆದ ವಿದ್ಯಾರ್ಥಿಗಳು ತಮ್ಮ ತರಗತಿಯವರನ್ನು ಸಣ್ಣ ಸಣ್ಣ ಗುಂಪು ಮಾಡಿ ಚರ್ಚೆ, ಆಟ, ಅಭಿನಯ ನಡೆಸಿದರು. ಶಾಲೆಯ ಗೋಡೆಗೆ ಭಿತ್ತಿಪತ್ರ ಬಂದಿತು, ತಂದೆತಾಯಿಗಳಿಗೆ ಕಾರ್ಡುಗಳು ಹೋದವು. ಎರಡು ವರ್ಷಗಳ ಕೊನೆಗೆ ಲೆಕ್ಕ ಹಾಕಿದಾಗ, ಕಾರ್ಯಕ್ರಮವಿಲ್ಲದ ಶಾಲೆಗಳಲ್ಲಿ ತಂಬಾಕಿನ ಬಳಕೆ ಶೇ. 68ರಷ್ಟು ಏರಿತ್ತು. ನಡೆದ ಶಾಲೆಗಳಲ್ಲಿ ಶೇ. 17ರಷ್ಟು ಇಳಿದಿತ್ತು. ಚೆನ್ನೈ ಬೇರೆ ಲೋಕವೇನೂ ಅಲ್ಲ. ಅಲ್ಲಿಯ ಮಕ್ಕಳಿಂದ ಆದದ್ದು ಈ ಊರುಗಳ ಮಕ್ಕಳಿಂದಲೂ ಆದೀತು.

ಇ-ಸಿಗರೇಟಿನ ವಿರುದ್ಧವೇ ಇದೇ ಮಾರ್ಗವನ್ನು ಹಿಡಿದವರು ಅಮೆರಿಕದ ಟೆಕ್ಸಾಸ್ ಪ್ರಾಂತ್ಯದವರು. ಅಲ್ಲಿಯ ವಿಶ್ವವಿದ್ಯಾಲಯದವರು ರೂಪಿಸಿದ 'ಕ್ಯಾಚ್ ಮೈ ಬ್ರೆತ್' ಎಂಬ ಕಾರ್ಯಕ್ರಮದಲ್ಲಿ ಕೇವಲ ನಾಲ್ಕು ಪಾಠಗಳು. ಗುಂಪಿನ ಮುಂದಾಳುಗಳು ವಿದ್ಯಾರ್ಥಿಗಳೇ. 12 ಶಾಲೆಗಳಲ್ಲಿ ಆರನೆಯ ತರಗತಿಯ ಮಕ್ಕಳನ್ನು 16 ತಿಂಗಳು ಗಮನಿಸಿದರು. ಪಾಠವಿಲ್ಲದ ಶಾಲೆಗಳಲ್ಲಿ ವೇಪ್ ಎಳೆದು ನೋಡಿದವರು ಶೇ. 2.7ರಿಂದ 8.9ಕ್ಕೆ ಏರಿದರು. ಪಾಠ ನಡೆದ ಶಾಲೆಗಳಲ್ಲಿ ಶೇ. 2.8ರಿಂದ 4.9ಕ್ಕೆ ನಿಂತರು. ಪೂರ್ತಿ ತಡೆಯಲಾಗಲಿಲ್ಲ, ನಿಜ. ಆದರೆ ನೂರು ಮಕ್ಕಳಲ್ಲಿ ನಾಲ್ವರನ್ನು ಉಳಿಸಿಕೊಂಡದ್ದು ಸಣ್ಣ ಪುಣ್ಯವೇ? ಆ ನಾಲ್ವರಲ್ಲಿ ಒಬ್ಬ ತನ್ನ ಮನೆಯ ಮಗನಾಗಿದ್ದರೆ ಎಂದು ತಾಯಿಯೊಬ್ಬಳನ್ನು ಕೇಳಿದರೆ ಉತ್ತರ ಸಿಗುತ್ತದೆ.

ಈ ಕೆಲಸದ ಗುಟ್ಟೆಲ್ಲ ಇರುವುದು ಮುಂದಾಳು ಮಕ್ಕಳ ಆಯ್ಕೆಯಲ್ಲಿ. ಸಾಮಾನ್ಯವಾಗಿ ಉಪಾಧ್ಯಾಯರು ಯಾರನ್ನು ಆರಿಸುತ್ತಾರೆ? ಮೊದಲ ಬೆಂಚಿನಲ್ಲಿ ಕೂರುವ, ಅಂಕ ಹೆಚ್ಚು ತೆಗೆಯುವ, ಹೇಳಿದ ಮಾತು ಕೇಳುವ ಮಗುವನ್ನು. ಅಂಥ ಮಗು ಹೇಳಿದರೆ ಹಿಂದಿನ ಬೆಂಚಿನವರು "ಮೇಷ್ಟ್ರ ಚೇಲಾ ಬಂದ" ಎಂದು ನಗುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 59 ಶಾಲೆಗಳಲ್ಲಿ ನಡೆದ, 2008ರಲ್ಲಿ ಫಲಿತಾಂಶ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇರೆ ಉಪಾಯ ಹೂಡಿದರು. 12-13 ವರ್ಷದ ಮಕ್ಕಳಿಗೇ ಚೀಟಿ ಕೊಟ್ಟು, ನಿಮ್ಮಲ್ಲಿ ಯಾರ ಮಾತಿಗೆ ಬೆಲೆ, ಯಾರನ್ನು ಕಂಡರೆ ನಿಮಗೆ ಗೌರವ ಎಂದು ಬರೆಸಿದರು. ಹೆಚ್ಚು ಚೀಟಿಯಲ್ಲಿ ಹೆಸರು ಬಂದವರನ್ನು ಕರೆದರು. ಅವರಲ್ಲಿ ತುಂಟರೂ ಇದ್ದರು, ಆಟಗಾರರೂ ಇದ್ದರು. ಅವರಿಗೆ ಶಾಲೆಯ ಹೊರಗೆ ಎರಡು ದಿನ ತರಬೇತಿ. ನಂತರ ಹತ್ತು ವಾರ ಅವರು ಮಾಡಬೇಕಾದದ್ದು ಭಾಷಣವಲ್ಲ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಮನೆಗೆ ಹೋಗುವ ದಾರಿಯಲ್ಲಿ ಗೆಳೆಯರ ಜೊತೆ ಮಾತು. ಆ ಶಾಲೆಗಳಲ್ಲಿ ಹೊಗೆ ಚಟಕ್ಕೆ ಬೀಳುವ ಸಂಭವ ಉಳಿದ ಶಾಲೆಗಳಿಗಿಂತ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಪರಿಣಾಮ ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು ಎಂಬುದನ್ನೂ ಮರೆಯಬಾರದು. ಒಂದು ಮಳೆಗೆ ಬೆಳೆ ಬರುವುದಿಲ್ಲವೆಂದು ಅನಂತಪುರ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿಂದೂಪುರ, ಕಲ್ಯಾಣದುರ್ಗಗಳ ಶಾಲೆಗಳಲ್ಲಿ ಇದನ್ನು ನಡೆಸಲು ಹೊಸ ಕಟ್ಟಡವೂ ಬೇಡ, ದೊಡ್ಡ ಹಣವೂ ಬೇಡ. ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಉಪಾಧ್ಯಾಯರಿಗೆ ತರಬೇತಿ ಕೊಡುವ, ತರಗತಿಗಳಿಂದ ಆರೋಗ್ಯದ ದೂತರಾಗಿ ವಿದ್ಯಾರ್ಥಿಗಳನ್ನು ಆರಿಸುವ ಏರ್ಪಾಡಿದೆ. ಆಂಧ್ರಪ್ರದೇಶ ಸರ್ಕಾರ 2024ರಲ್ಲಿ ಮಾದಕ ವಸ್ತುಗಳ ನಿಗ್ರಹಕ್ಕಾಗಿ 'ಈಗಲ್' ದಳವನ್ನು ರಚಿಸಿ, ಶಾಲಾ ಕಾಲೇಜುಗಳಲ್ಲಿ ಈಗಲ್ ಕ್ಲಬ್ಬುಗಳಿಗೆ ಚಾಲನೆ ಕೊಟ್ಟಿದೆ. ತಂಬಾಕುಮುಕ್ತ ಶಾಲೆಯ ನಿಯಮಾವಳಿಯೂ ಇದೆ. ಶಾಲೆಯಿಂದ ನೂರು ಗಜದ ಅಂಚಿಗೆ ಹಳದಿ ಗೆರೆ ಎಳೆಯಬೇಕೆಂಬುದು ಅದರಿಂದಲೇ ಬಂದದ್ದು. ಬತ್ತಿಯಿದೆ, ಎಣ್ಣೆಯಿದೆ, ದೀಪ ಹಚ್ಚುವ ಕೈ ಬೇಕು.

ಮೊದಲನೆಯದು ಭಾಷೆ. ಹಿಂದೂಪುರದ ಒಂದೇ ಬೀದಿಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಕೇಳುತ್ತವೆ. ಶಾಲೆಯ ಪಾಠ ಯಾವ ಭಾಷೆಯಲ್ಲೇ ಇರಲಿ, ಬಿಡುವಿನ ಮಾತು ಮನೆಮಾತಿನಲ್ಲಿಯೇ ನಡೆಯುತ್ತದೆ. ಮುಂದಾಳು ಮಕ್ಕಳು ಮೂರು ಭಾಷೆಯವರೂ ಇರಬೇಕು, ಹುಡುಗರಷ್ಟೇ ಹುಡುಗಿಯರೂ ಇರಬೇಕು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಗುವೂ ಹಾಸ್ಟೆಲಿನ ಮಗುವೂ ಇರಬೇಕು.

ಎರಡನೆಯದು ಅಭ್ಯಾಸ. ಬೇಡವೆನ್ನುವುದೂ ಒಂದು ವಿದ್ಯೆ, ಕಲಿಯದೆ ಬರುವುದಿಲ್ಲ. ತರಗತಿಯಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿ ಅಭಿನಯ ಮಾಡಿಸಬೇಕು. "ಲೇ, ಒಂದ್ಸಲ ಎಳಿಯೋ, ಮಾವಿನಹಣ್ಣಿನ ವಾಸನೆ ಬರ್ತೈತೆ, ಏನೂ ಆಗಲ್ಲ" ಎಂದು ಒಬ್ಬ. "ನಂಗೆ ಬ್ಯಾಡಪ್ಪ, ಸಂಜೆ ಕಬಡ್ಡಿ ಐತೆ, ಉಸುರು ಬೇಕು, ನೀನೂ ಬಾ" ಎಂದು ಇನ್ನೊಬ್ಬ. ಗೆಳೆತನವನ್ನೂ ಮುರಿಯಲಿಲ್ಲ, ಕೆಟ್ಟದ್ದನ್ನೂ ಮುಟ್ಟಲಿಲ್ಲ. ಇದನ್ನು ಹತ್ತು ಸಲ ನಗುನಗುತ್ತಾ ಆಡಿದ ಮಗುವಿಗೆ, ನಿಜವಾದ ಹೊತ್ತು ಬಂದಾಗ ನಾಲಿಗೆ ತೊದಲುವುದಿಲ್ಲ. ನಲವತ್ತು ವರ್ಷಕ್ಕೆ ಬರುವ ಕ್ಯಾನ್ಸರಿನ ಚಿತ್ರ ತೋರಿಸಿ ಹೆದರಿಸುವುದಕ್ಕಿಂತ ಇಂದು ಸಂಜೆಯ ಆಟದ ಉಸಿರು ಹನ್ನೆರಡು ವರ್ಷದವನಿಗೆ ದೊಡ್ಡದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮುಂದಾಳು ಮಕ್ಕಳನ್ನು ಚಾಡಿ ಹೇಳುವವರನ್ನಾಗಿ ಮಾಡಬಾರದು. ಯಾರು ಎಳೆದರು, ಯಾರ ಚೀಲದಲ್ಲಿದೆ ಎಂದು ಪಟ್ಟಿ ಬರೆಸಿದ ದಿನವೇ ಅವರ ಮಾತಿನ ಬೆಲೆ ಹೋಯಿತು. ಅಷ್ಟೇ ಅಲ್ಲ, ಆ ಮಕ್ಕಳಿಗೆ ದೊಡ್ಡವರಿಂದ ಅಪಾಯವೂ ಬಂದೀತು. ಮಾರುವವನನ್ನು ಹಿಡಿಯುವುದು ಪೊಲೀಸರ ಕೆಲಸ. ಅದಕ್ಕೆ ಈಗಲ್ ದಳದ 1972 ಎಂಬ ದೂರವಾಣಿ ಇದೆ. ಅದಕ್ಕೆ ಕರೆ ಮಾಡಬೇಕಾದವರು ಹಿರಿಯರು. ಗೆಳೆಯನ ಕೈಹಿಡಿಯುವುದಷ್ಟೇ ಮಕ್ಕಳ ಕೆಲಸ.

ಒಂದು ಸಲ ಎಡವಿದ ಮಗುವಿನ ಗತಿಯೇನು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಚೀಲದಲ್ಲಿ ಆ ವಸ್ತು ಸಿಕ್ಕಿದರೆ ಸಾಲಿನಲ್ಲಿ ನಿಲ್ಲಿಸಿ ಮಾನ ಕಳೆಯುವುದು, ಟಿ.ಸಿ. ಕೊಟ್ಟು ಕಳಿಸುವುದು ಸುಲಭ. ಶಾಲೆಗೆ ಕಳಂಕ ತಪ್ಪಿತು ಎಂದು ನಿಟ್ಟುಸಿರು ಬಿಡಬಹುದು. ಆದರೆ ಶಾಲೆಯಿಂದ ಹೊರಬಿದ್ದ ಹನ್ನೆರಡು ವರ್ಷದ ಹುಡುಗ ಹೋಗುವುದು ಎಲ್ಲಿಗೆ? ಅದನ್ನು ಕೊಟ್ಟವನ ಬಳಿಗೇ. ಪ್ರಹ್ಲಾದ ಪಾಠ ಹೇಳಿದ್ದು ಋಷಿಕುಮಾರರಿಗಲ್ಲ, ದೈತ್ಯರ ಮಕ್ಕಳಿಗೆ. ಇವರು ಉದ್ಧಾರವಾಗದವರು ಎಂದು ಅವನು ಯಾರನ್ನೂ ದೂರ ಕೂರಿಸಲಿಲ್ಲ. ಬಿಡಬೇಕೆನ್ನುವವರಿಗೆ ಸರ್ಕಾರದ ಉಚಿತ ದೂರವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಆ ಸೇವೆಯಲ್ಲಿ ಸೇರಿದ್ದು, ಗಡಿಯಾಚೆಗೂ ಈಚೆಗೂ ಅದು ಹತ್ತಿರವೇ.

ಇನ್ನು ಹಿರಿಯರ ವಿಷಯ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. "ಹೋಗೋ ಮಗ, ಅಂಗಡಿಯಿಂದ ಒಂದು ಕಟ್ಟು ಬೀಡಿ ತಾ, ಮಿಕ್ಕ ಚಿಲ್ಲರೆಗೆ ಮಿಠಾಯಿ ತಗೋ" ಎಂದು ತಾತ ಮೊಮ್ಮಗನನ್ನು ಕಳಿಸುವುದು ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ! ತಾತನಿಗೆ ಅದರಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಪೆಟ್ಟಿಗೆ ಅಂಗಡಿಯ ದಾರಿ ಮಗುವಿಗೆ ಪರಿಚಯವಾಗುವುದು ಹೀಗೆಯೇ. ಮಗುವಿನ ಕೈಗೆ ಬೀಡಿ ಕೊಟ್ಟ ಅಂಗಡಿಯವನೂ ಕಾಯಿದೆ ಮುರಿದಂತೆ. 2015ರ ಬಾಲನ್ಯಾಯ ಕಾಯಿದೆಯಲ್ಲಿ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆಯಿದೆ. ಕಾಯಿದೆಯ ಭಯಕ್ಕಿಂತ ಮೊಮ್ಮಗನ ಮೇಲಿನ ಮಮತೆಯಿಂದ ತಾತ ಆ ಕೆಲಸ ಬಿಟ್ಟರೆ ಅದು ಹೆಚ್ಚು ಚೆನ್ನ.

ಹೊಗೆಸೊಪ್ಪು ಹಿಂದಿನಿಂದ ಬಂದ ಪದ್ಧತಿಯೆಂದು ವಾದಿಸುವವರೂ ಇದ್ದಾರೆ. ದೇವರಿಗೆ ಅರ್ಪಿಸುವ ತಾಂಬೂಲದಲ್ಲಿ ಎಲೆಯುಂಟು, ಅಡಿಕೆಯುಂಟು, ಹೊಗೆಸೊಪ್ಪು ಎಲ್ಲಿದೆ? ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಈ ದೇಶಕ್ಕೆ ಬಂದು ಹರಡಿತು. ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ ವಿರೂಪಣ್ಣನು ವೀರಭದ್ರಸ್ವಾಮಿಯ ಗುಡಿಯನ್ನು ಎತ್ತಿಸಿದ್ದು ಹದಿನಾರನೆಯ ಶತಮಾನದ ಮೊದಲರ್ಧದಲ್ಲಿ. ಆ ಕಲ್ಲು ಕೆತ್ತಿದ ಶಿಲ್ಪಿಗಳಿಗೆ ಹೊಗೆಸೊಪ್ಪಿನ ಹಂಗಿರಲಿಲ್ಲ. ಅದಿಲ್ಲದೆಯೇ ಅವರು ಅಷ್ಟು ದೊಡ್ಡ ಬಸವಣ್ಣನನ್ನು ಒಂದೇ ಬಂಡೆಯಲ್ಲಿ ಕಡೆದು ಕೂರಿಸಿದರು! ಆದ್ದರಿಂದ ಬೀಡಿಯೂ ಸಂಪ್ರದಾಯವಲ್ಲ, ವೇಪ್ ನಾಗರಿಕತೆಯೂ ಅಲ್ಲ. ಎರಡೂ ಹೊರಗಿನಿಂದ ಬಂದ ಒಂದೇ ವಿಷದ ಹಳೆಯ ಮತ್ತು ಹೊಸ ವೇಷಗಳು.

ದೇವಸ್ಥಾನಗಳಿಂದ ಈ ಕಾರ್ಯಕ್ಕೆ ಸಲ್ಲಬಹುದಾದ ಸೇವೆ ಹಲವು. ಕಲ್ಯಾಣಮಂಟಪವು ಮುಹೂರ್ತವಿಲ್ಲದ ದಿನಗಳಲ್ಲಿ ಖಾಲಿಯಿರುತ್ತದೆ. ಎರಡು ದಿನದ ತರಬೇತಿಗೆ ಅದನ್ನು ಉಚಿತವಾಗಿ ಬಿಟ್ಟುಕೊಟ್ಟು, ಮಧ್ಯಾಹ್ನ ಮಕ್ಕಳಿಗೆ ಅನ್ನಸಂತರ್ಪಣೆ ಮಾಡಿದರೆ ಅದೇ ದೊಡ್ಡ ಸೇವೆ. ಮಕ್ಕಳಲ್ಲಿ ಎಲ್ಲ ಮತದವರೂ ಇರುತ್ತಾರೆ. ಯಾರಿಗಾದರೂ ಸಂಕೋಚವಿದ್ದರೆ ಶಾಲೆಯ ಕೊಠಡಿಯಲ್ಲೇ ತರಬೇತಿ ನಡೆದು, ಊಟ ಮಾತ್ರ ದೇವಸ್ಥಾನದಿಂದ ಹೋಗಲಿ. ಜಾತ್ರೆಯಲ್ಲಿ ಅಂಗಡಿಗಳ ಹರಾಜು ಮಾಡುವಾಗ ಬೀಡಿ, ಸಿಗರೇಟು, ಗುಟ್ಕಾ ಮಾರಕೂಡದೆಂಬ ಷರತ್ತನ್ನು ಮೊದಲ ಸಾಲಿನಲ್ಲೇ ಬರೆಯಬಹುದು. ಆಟಿಕೆ ಅಂಗಡಿಗಳ ನಡುವೆ ಹೊಳೆಯುವ ಪೆನ್ನಿನಂಥ ಉಪಕರಣ ಕಂಡರೆ ಗುರುತಿಸಲು ಸ್ವಯಂಸೇವಕರಿಗೆ ತಿಳಿಸಿಕೊಡಬಹುದು. ಬೀಡಾ ಅಂಗಡಿಯ ಬಾಡಿಗೆಯಿಂದ ಸಮಿತಿಗೆ ಬರುವ ಹಣ ಸ್ವಲ್ಪ ಕಡಿಮೆಯಾದೀತು. ಆ ಕೊರತೆಯನ್ನು ತುಂಬಲು ಭಕ್ತರು ತಲೆಗೆ ಹತ್ತು ರೂಪಾಯಿ ಹೆಚ್ಚು ಹುಂಡಿಗೆ ಹಾಕಿದರೆ ಸಾಲದೇ?

ಉತ್ಸವದ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಭರತನಾಟ್ಯ, ಕೋಲಾಟಗಳ ಜೊತೆಗೆ ಅರ್ಧ ಗಂಟೆಯನ್ನು ಈ ಮಕ್ಕಳಿಗೆ ಬಿಡಬೇಕು. ಪ್ರಹ್ಲಾದನ ಪಾಠದ ಪ್ರಸಂಗವನ್ನೇ ಅವರು ಇಂದಿನ ಶಾಲೆಯ ಅಂಗಳಕ್ಕೆ ತಂದು ಆಡಲಿ. ವೇದಿಕೆಯ ಮೇಲೆ ನಿಂತು "ನೂರರಲ್ಲಿ ತೊಂಬತ್ತೇಳು ಮಂದಿ ಮುಟ್ಟಿಲ್ಲ, ನಾವೂ ಮುಟ್ಟುವುದಿಲ್ಲ" ಎಂದು ಹೇಳಿದ ಮಗುವಿಗೆ ಆ ಮಾತು ಜೀವನವೆಲ್ಲ ನೆನಪಿರುತ್ತದೆ. ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ತೆರೆದಾಗ ಹೊಸ ಮಕ್ಕಳು ಆರನೆಯ ತರಗತಿಗೆ ಬರುತ್ತಾರೆ. ಅವರಿಗಾಗಿ ಪ್ರತಿ ವರ್ಷವೂ ಹೊಸ ಮುಂದಾಳುಗಳು ತಯಾರಾಗಬೇಕು. ಉತ್ಸವ ಹೇಗೆ ವರ್ಷವರ್ಷವೂ ಬರುವುದೋ ಹಾಗೆಯೇ ಇದೂ ನಡೆಯಬೇಕು.

ರಥೋತ್ಸವದ ದಿನ ನೋಡಿದವರಿಗೆ ಒಂದು ವಿಷಯ ತಿಳಿದಿರುತ್ತದೆ. ರಥದ ಮುಂದೆ ಮಿಣಿ ಹಿಡಿದು ಎಳೆಯುವವರು ನೂರಾರು ಮಂದಿ ಬಲಶಾಲಿಗಳು. ಆದರೆ ಗಾಲಿಯ ಬಳಿ ಮರದ ಗೊದ್ದ ಹಿಡಿದು ನಿಂತವನ ಕೈಯಲ್ಲಿ ರಥದ ದಾರಿಯಿರುತ್ತದೆ. ಅವನು ಸರಿಯಾದ ಗಳಿಗೆಯಲ್ಲಿ ಗೊದ್ದ ಕೊಟ್ಟರೆ ಅಷ್ಟು ದೊಡ್ಡ ತೇರು ಚರಂಡಿಗೆ ಇಳಿಯದೆ ಬೀದಿಯಲ್ಲಿ ನೇರವಾಗಿ ಸಾಗುತ್ತದೆ. ಹನ್ನೆರಡು ವರ್ಷದ ಗೆಳೆಯನ "ಬ್ಯಾಡ ಬಾರೋ" ಎಂಬ ಒಂದು ಮಾತು ಅಂಥ ಗೊದ್ದ. ಆ ಗೊದ್ದವನ್ನು ಸಿದ್ಧಮಾಡಿ ಮಗುವಿನ ಕೈಗೆ ಕೊಡುವುದು ಹಿರಿಯರ ಧರ್ಮ.

ಶ್ರೀ ಸ್ವಾಮಿಯು ಹಿಂದೂಪುರ, ಕಲ್ಯಾಣದುರ್ಗ ಮತ್ತು ಸುತ್ತಣ ಗ್ರಾಮಗಳ ಮಕ್ಕಳೆಲ್ಲರಿಗೂ ಒಳ್ಳೆಯ ಗೆಳೆಯರನ್ನು ಕೊಡಲಿ. ಹಿರಿಯರಿಗೆ ಅವರ ಮಾತನ್ನು ನಂಬುವ ಮನಸ್ಸನ್ನು ಕೊಡಲಿ. ಸರ್ವರಿಗೂ ಸನ್ಮಂಗಳವಾಗಲಿ.